ವಿಪಾಶೆಯೂ ಕಾಗಿಣೆಯೂ

ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯು ಕಾವ್ಯದ ಹೊಸ್ತಿಲು ದಾಟುವಾಗಲೇ ಹಿಮಾಲಯವನ್ನು ಕಾಣುವನು. ಕಾಳಿದಾಸನ ಕುಮಾರಸಂಭವವು ಆ ಪರ್ವತರಾಜನ ವರ್ಣನೆಯಿಂದಲೇ ಮೊದಲಾಗುವದು. ಹೀಗಾಗಿ ಸೇಡಂ, ಚಿತ್ತಾಪುರಗಳ ಕರಿಮಣ್ಣಿನಲ್ಲಿ ಬೆಳೆದ ಬಾಲಕನೂ ಹಿಮವನ್ನು ಕಣ್ಣಾರೆ ನೋಡದೆಯೇ ಅದರ ಬಿಳುಪನ್ನು ಬಾಯಿಪಾಠ ಮಾಡಿರುವನು. ತನ್ನ ಊರಿನಿಂದ ಒಂದು ಹೊತ್ತಿನ ಹಾದಿಯಲ್ಲಿರುವ ಚಿಂಚೋಳಿಯ ಗುಡ್ಡಗಳನ್ನು ಮಾತ್ರ ಅವನಿಗೆ ಯಾವ ಗುರುವೂ ತೋರಿಸಿರುವದಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ಬೆಟ್ಟವನ್ನು ಹಳಿಯುವದಕ್ಕಾಗಿ ಹುಟ್ಟಿದ್ದಲ್ಲ. ನೋಡುವ ಕಣ್ಣಿಗೆ ಎಚ್ಚರ ಹೇಳುವದಕ್ಕಾಗಿ ಹುಟ್ಟಿದ್ದು.

ಸೇಡಂ ಪಟ್ಟಣದ ಒಂದು ಮನೆಯ ಸಂಗತಿಯಿದು. ಆ ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ನೌಕರಿಯಿಂದ ನಿವೃತ್ತನಾದ ಹಿರಿಯ ಮಗ, ಹಿರಿಯ ಸೊಸೆ, ಈ ಮೂವರ ವಾಸ. ಕಿರಿಯ ಮಗನು ಶಹಾಬಾದದಲ್ಲಿ ನೆಲಹಾಸಿನ ಕಲ್ಲಿನ ವ್ಯಾಪಾರ ಮಾಡಿಕೊಂಡಿರುವನು. ಶಹಾಬಾದದ ಪರಸಿಯ ಕೀರ್ತಿಯು ದೇಶದಲ್ಲೆಲ್ಲ ಹಬ್ಬಿದ್ದರೂ, ಜನರು ಈಗ ನುಣುಪಾದ ಟೈಲ್ಸುಗಳಿಗೆ ಮನಸೋತಿರುವದರಿಂದ ಆ ವ್ಯಾಪಾರದಲ್ಲಿ ಅವನಿಗೆ ಸಾಲವೇ ಹೆಚ್ಚು ಉಳಿದಿತ್ತು.

2023ನೆಯ ಇಸವಿಯ ದಸರೆಗೆ ಹಿರಿಯ ಮಗನೂ ಸೊಸೆಯೂ ಹಿಮಾಲಯದ ಕುಲ್ಲೂ ಪಟ್ಟಣಕ್ಕೆ ಹೊರಟರು. ಹೈದರಾಬಾದ ಸಂಸ್ಥಾನದ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲುಮಾರ್ಗದ ಮೇಲೆಯೇ ಚಿತ್ತಾಪುರವೂ ಸೇಡಮ್ಮೂ ಇರುವವು. ಆ ಹಳಿಯನ್ನು ಹಿಡಿದು ವಾಡಿಗೆ ಬಂದು, ಅಲ್ಲಿ ದಿಲ್ಲಿಯ ಗಾಡಿಯನ್ನೇರಿ, ದಿಲ್ಲಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಅವರು ಬಿಯಾಸ್ ನದಿಯ ಕಣಿವೆಯನ್ನು ಮುಟ್ಟಿದರು. ಆ ವರ್ಷದ ಜುಲೈ ತಿಂಗಳಿನ ಮಹಾಪೂರದಲ್ಲಿ ನದಿಯು ರಸ್ತೆಗಳನ್ನೂ ಮನೆಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಅದರ ಗಾಯಗಳು ದಂಡೆಯ ಮೇಲೆ ಇನ್ನೂ ಹಸಿಯಾಗಿದ್ದವು. ಅದೇ ವರ್ಷ ಇತ್ತ ಕಲಬುರಗಿಯ ಸೀಮೆಯಲ್ಲಿ ಮಳೆಯು ಕೈಕೊಟ್ಟು ತೊಗರಿಯು ಬಾಡಿತ್ತು.

ಬೇರೆಡೆ ವಿಜಯದಶಮಿಯಂದು ದಸರೆಯು ಮುಗಿಯುವದು. ಕುಲ್ಲೂವಿನಲ್ಲಿ ಅಂದೇ ಆರಂಭವಾಗುವದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಯ ಅರಸನಾದ ಜಗತ್‌ಸಿಂಹನು ಅಯೋಧ್ಯೆಯಿಂದ ರಘುನಾಥನ ಮೂರ್ತಿಯನ್ನು ತರಿಸಿ, ರಾಜ್ಯವನ್ನೇ ಆ ದೇವರಿಗೆ ಒಪ್ಪಿಸಿದನೆಂದು ಹೇಳುವರು. ಢಾಲಪುರದ ಮೈದಾನದಲ್ಲಿ ರಘುನಾಥನ ರಥವನ್ನು ಜನರು ಹಗ್ಗ ಹಿಡಿದು ಎಳೆಯುವರು. ಸುತ್ತಣ ಹಳ್ಳಿಗಳ ನೂರಾರು ದೇವತೆಗಳು, ಬೆಳ್ಳಿಯ ಮುಖವಾಡಗಳನ್ನು ಧರಿಸಿ, ಪಲ್ಲಕ್ಕಿಯಲ್ಲಿ ಕುಳಿತು, ಕಹಳೆ ನಗಾರಿಗಳೊಡನೆ ಗುಡ್ಡವಿಳಿದು ಬರುವರು. ಏಳು ದಿವಸ ಮೈದಾನದಲ್ಲಿ ಬಿಡಾರ ಹೂಡುವರು. ಮನಾಲಿಯ ಬಳಿಯ ಢುಂಗ್ರಿಯಿಂದ ಹಿಡಿಂಬಾದೇವಿಯು ಬಾರದೆ ಉತ್ಸವವು ಮೊದಲಾಗುವದೇ ಇಲ್ಲ. ದೇವದಾರು ವೃಕ್ಷಗಳ ನಡುವೆ 1553ರಲ್ಲಿ ಕಟ್ಟಿದ ಅವಳ ಗುಡಿಯನ್ನೂ ದಂಪತಿಗಳು ನೋಡಿದರು. ಅಕ್ರೋಡು, ಗಸಗಸೆಗಳನ್ನು ಅರೆದು ಗೋದಿಯ ಹುಳಿಹಿಟ್ಟಿನಲ್ಲಿ ತುಂಬಿ, ಹಬೆಯಲ್ಲಿ ಬೇಯಿಸಿ, ತುಪ್ಪ ಸುರಿದು ಕೊಡುವ ‘ಸಿಡ್ಡು’ ಎಂಬ ಭಕ್ಷ್ಯವನ್ನು ತಿಂದರು. ಹಬ್ಬ ಹುಣ್ಣಿವೆಗಳಲ್ಲಿ ಆ ಸೀಮೆಯವರು ನೆಲದ ಮೇಲೆ ಪಂಕ್ತಿಯಾಗಿ ಕುಳಿತು, ಎಲೆಯ ಮೇಲೆ ಅನ್ನವನ್ನೂ ಬಗೆಬಗೆಯ ಬೇಳೆಗಳನ್ನೂ ಉಣ್ಣುವ ‘ಧಾಮ್’ ಎಂಬ ಸಮಾರಾಧನೆಯ ವಿಷಯವನ್ನು ಕೇಳಿ ತಿಳಿದರು.

ಮಗನಿಗೆ ನದಿಯ ದಂಡೆಯಲ್ಲಿ ಹಳೆಯ ಪಾಠವು ನೆನಪಾಯಿತು. ಬಿಯಾಸ್ ಎಂದರೆ ಮಹಾಭಾರತದ ವಿಪಾಶೆ. ಮಕ್ಕಳನ್ನು ಕಳೆದುಕೊಂಡ ವಸಿಷ್ಠರು ಪಾಶಗಳಿಂದ ತಮ್ಮನ್ನು ಬಿಗಿದುಕೊಂಡು ಪ್ರಾಣತ್ಯಾಗಕ್ಕಾಗಿ ಇದರೊಳಗೆ ಬಿದ್ದಾಗ, ನದಿಯು ಆ ಪಾಶಗಳನ್ನು ಕಳಚಿ ಅವರನ್ನು ದಡಕ್ಕೆ ಸೇರಿಸಿತು. ಅಂದಿನಿಂದ ಅದು ವಿಪಾಶೆಯಾಯಿತು. ಮಗನಿಗೆ ತನ್ನ ಮನೆಯ ಪಾಶವೊಂದು ಆಗ ಮನಸ್ಸಿಗೆ ಬಂದಿತೆಂಬುದನ್ನು ಮುಂದೆ ಹೇಳಬೇಕಾಗಿದೆ.

ತಿರುಗಿ ಬಂದ ಸಂಜೆ ಪಡಸಾಲೆಯಲ್ಲಿ ಕುಳಿತು ಅವನು ತಾಯಿಗೆ ಎಲ್ಲವನ್ನೂ ವರ್ಣಿಸಿದನು. ಸಿಡ್ಡುವಿನ ಮಾತು ಬಂದಾಗ ಮುದುಕಿಯು ನಕ್ಕಳು.

“ಹೆಸರು ಏನರೆ ಇರಲಿ ತಮ್ಮಾ, ಹೂರಣ ತುಂಬಿ ಉಗಿಯಾಗ ಬೇಯಿಸಿದ್ರ ಅದು ಕಡುಬೇ. ಯಾರ ಮನ್ಯಾಗ ಉಂಡ್ರಿ?”

“ಮನ್ಯಾಗ ಅಲ್ಲವ್ವಾ, ಹೋಟೆಲಿನ್ಯಾಗ.”

“ಹಬ್ಬದ ದಿನಾ?”

ಮಗನು ಸುಮ್ಮನಾದನು. ಹಿಡಿಂಬೆಯ ಗುಡಿಯ ಕಥೆಯನ್ನು ಕೇಳಿದಾಗ ಮಾತ್ರ ಅವಳ ಮುಖವು ಅರಳಿತು. “ಭೀಮಸೇನನ ಹೆಂಡತಿ ಅಲ್ಲಿ ಕುಂತಾಳ. ಭೀಮಸೇನ ನಮ್ಮ ಹೊಲದಾಗ ಕುಂತಾನ. ಎಳ್ಳ ಅಮಾಸಿಗಿ ನೀ ಬಂದು ನೋಡಿ ಎಷ್ಟು ವರ್ಷ ಆತು?”

ಮಗನು ಕುಲ್ಲೂವಿನ ಪಲ್ಲಕ್ಕಿಗಳನ್ನು ನೋಡುತ್ತಿದ್ದ ವಾರದಲ್ಲಿಯೇ ಸೀಗಿ ಹುಣ್ಣಿಮೆಯು ಬಂದಿತ್ತು. ಅವಳು ನೆರೆಯವರೊಡನೆ ಚಿತ್ತಾಪುರದ ಬಳಿಯ ನಾಗಾವಿಗೆ ಹೋಗಿ, ಯಲ್ಲಮ್ಮನ ಪಲ್ಲಕ್ಕಿಯನ್ನು ನೋಡಿ ಬಂದಿದ್ದಳು. ನಾಗಾವಿಯೆಂದರೆ ಸಾಮಾನ್ಯ ಹಳ್ಳಿಯಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಪ್ರಸಿದ್ಧವಾದ ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿ ವೇದಶಾಸ್ತ್ರಗಳನ್ನು ಓದುತ್ತಿದ್ದ ನೂರಾರು ವಿದ್ಯಾರ್ಥಿಗಳ ವಿಷಯವನ್ನೂ, ಗ್ರಂಥಗಳನ್ನು ಕಾಯುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರ ವಿಷಯವನ್ನೂ ಹೇಳುವದು. ಓದುವವರಿಗೆ ಅನ್ನದ ವ್ಯವಸ್ಥೆಯಿಲ್ಲದೆ ಅಷ್ಟು ದೊಡ್ಡ ವಿದ್ಯಾಸ್ಥಾನವು ನಡೆಯಲಾರದು. ದಾನಕೊಟ್ಟವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಈಗ ಉಳಿದಿರುವದು ಅರವತ್ತು ಕಂಬದ ಗುಡಿ, ಕೆಲವು ಹಾಳು ಗೋಡೆಗಳು ಮತ್ತು ಜಾತ್ರೆ. ಮುದುಕಿಗೆ ಶಾಸನವು ತಿಳಿಯದು. ಆದರೂ ಅಲ್ಲಿ ಬುತ್ತಿಯನ್ನು ಬಿಚ್ಚಿದಾಗ, ಗುರುತಿಲ್ಲದ ಇಬ್ಬರು ಹುಡುಗರನ್ನು ಕರೆದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿದ ಮೇಲೆಯೇ ತಾನು ಉಂಡಳೆಂದು ಜತೆಗೆ ಹೋದವರು ಹೇಳಿದರು.

ಅವಳು ಹೇಳಿದ ಹೊಲವು ಚಿಂಚೋಳಿಯಾಚೆ ಕುಂಚಾವರಂ ಗುಡ್ಡಗಳ ಬುಡದಲ್ಲಿದೆ. ತವರಿನವರು ಅರಿಷಿಣ ಕುಂಕುಮಕ್ಕೆಂದು ಅವಳಿಗೆ ಕೊಟ್ಟ ನಾಲ್ಕು ಎಕರೆಯದು. ಬಿಸಿಲಿಗೆ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಂತಹ ಹಸುರು ಉಂಟೆಂಬುದನ್ನು ಹೊರಗಿನವರು ಒಮ್ಮೆಲೆ ನಂಬಲಾರರು. ತೇಗ, ಗಂಧ, ರಕ್ತಚಂದನಗಳಿರುವ ಆ ಕಾಡನ್ನು ಸರಕಾರವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು. ಗುಡ್ಡಗಳ ನಡುವೆ ಚಂದ್ರಂಪಳ್ಳಿಯ ಜಲಾಶಯವಿದೆ. ಮಳೆಗಾಲದಲ್ಲಿ ಎತ್ತಿಪೋತದ ಜಲಪಾತವು ಧುಮುಕುವದು. ಅಲ್ಲಲ್ಲಿ ಲಂಬಾಣಿಗರ ತಾಂಡಾಗಳಿವೆ. ಗಾಳಿಯಲ್ಲಿ ತೆಲುಗು ಕನ್ನಡಗಳೆರಡೂ ತೇಲಿಬರುವವು. ಚಿಂಚೋಳಿಯ ಸೀಮೆಯ ನೀರು ಮುಲ್ಲಾಮಾರಿಯಾಗಿ ಹರಿದು ಕಾಗಿಣೆಯನ್ನು ಸೇರುವದು. ಕಾಗಿಣೆಯು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ತೊಳೆಯುತ್ತ ಹೋಗಿ, ಶಹಾಬಾದದ ಸೀಮೆಯಲ್ಲಿ ಭೀಮೆಯೊಡನೆ ಕೂಡುವದು.

ಈ ಹೊಲವೇ ಮನೆಯ ಪಾಶವಾಗಿತ್ತು. ಅದನ್ನು ಮಾರಿ ಕಿರಿಯನ ಸಾಲ ತೀರಿಸುವದು, ಉಳಿದ ಹಣದಲ್ಲಿ ತಾಯಿಗೆ ಬದರಿಯ ಯಾತ್ರೆ ಮಾಡಿಸುವದು, ಇದು ಅಣ್ಣತಮ್ಮಂದಿರ ವಿಚಾರ. ಗಿರಾಕಿಯೂ ದೊರೆತಿದ್ದನು. ಇದರಲ್ಲಿ ದುರಾಶೆಯಿರಲಿಲ್ಲ. ಸಾಲವು ನಿಜವಾದದ್ದು, ಬದರಿಯನ್ನು ನೋಡಬೇಕೆಂಬ ತಾಯಿಯ ಆಸೆಯೂ ನಿಜವಾದದ್ದು. ಅವಳು ಒಂದೇ ಮಾತು ಹೇಳಿದಳು: “ಎಳ್ಳ ಅಮಾಸಿ ಆಗಲಿ. ಚರಗ ಚೆಲ್ಲಿದ ಮ್ಯಾಲೆ ಹೆಬ್ಬಟ್ಟು ಒತ್ತತೀನಿ.”

2024ರ ಜನವರಿ 11ರಂದು ಅಮಾವಾಸ್ಯೆ. ಹಿಂದಿನ ರಾತ್ರಿಯೆಲ್ಲ ಮನೆಯಲ್ಲಿ ಒಲೆಯಾರಲಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಬೆರಸಿದ ಅಂಬಲಿ. ಎಲ್ಲಕ್ಕಿಂತ ಮಿಗಿಲಾಗಿ ಭಜ್ಜಿ. ಹಸಿಯ ತೊಗರಿ, ಕಡಲೆ, ಅವರೆ, ಬಟಾಣಿಗಳನ್ನೂ, ಮೆಂತ್ಯದಂತಹ ಸೊಪ್ಪುಗಳನ್ನೂ, ಸಿಕ್ಕ ಕಾಯಿಪಲ್ಯಗಳನ್ನೂ ಹುಣಿಸೆಯ ಹುಳಿಯಲ್ಲಿ ಒಂದಾಗಿ ಕುದಿಸಿ, ಕಡಲೆಹಿಟ್ಟು ಹಾಕಿ ಮಾಡುವ ಈ ಭಜ್ಜಿಯು ಹೊಲದಲ್ಲಿ ಬೆಳೆದದ್ದೆಲ್ಲದರ ಕೂಟ. ಆ ವರ್ಷ ಹೊಲವು ಕೊಟ್ಟದ್ದು ಅಲ್ಪ. ಅರ್ಧಕ್ಕೂ ಹೆಚ್ಚನ್ನು ಸಂತೆಯಿಂದ ತರಬೇಕಾಯಿತು. ಕಿರಿಯ ಮಗನು ಶಹಾಬಾದದಿಂದ ಹೆಂಡತಿ ಮಕ್ಕಳೊಡನೆ ಬಂದನು. ಅವನ ಚೀಲದಲ್ಲಿ ಮಾರಾಟದ ಕಾಗದಗಳಿದ್ದವು. ಮರುದಿನ ಚಿಂಚೋಳಿಯಲ್ಲಿ ನೋಂದಣಿ ಮಾಡಿಸುವದೆಂದು ನಿಶ್ಚಯವಾಗಿತ್ತು.

ಹೊಲದಲ್ಲಿ ಜೋಳವು ಮೊಣಕಾಲೆತ್ತರ ನಿಂತಿತ್ತು. ದಂಟುಗಳಿಂದ ಸಣ್ಣ ಗುಡಿಸಲು ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು, ಕುಂಕುಮವಿಟ್ಟು, ಪಂಚಪಾಂಡವರೆಂದು ಒಳಗೆ ಕುಳ್ಳಿರಿಸಿದರು. ಕೊನೆಯ ಕಾಲದಲ್ಲಿ ರಾಜ್ಯವನ್ನೇ ಬಿಟ್ಟು ಹಿಮಾಲಯಕ್ಕೆ ನಡೆದುಹೋದ ಪಾಂಡವರು ಈ ಎರೆಹೊಲಗಳಿಗೆ ವರ್ಷಕ್ಕೊಮ್ಮೆ ಹೊಲದ ಯಜಮಾನರಾಗಿ ಹಿಂದಿರುಗುವರು. ಪೂಜೆಯಾದ ಮೇಲೆ ಹಿರಿಯನು ಎಡೆಯ ಅಡಿಗೆಯನ್ನು ಬುಟ್ಟಿಯಲ್ಲಿ ಕಲಸಿಕೊಂಡು ಚರಗ ಚೆಲ್ಲುತ್ತ ನಡೆದನು; ಹಿಂದಿನಿಂದ ಕಿರಿಯನು ನೀರು ಚಿಮುಕಿಸುತ್ತ ಕೂಗು ಹಾಕಿದನು. ಮೂವತ್ತು ವರ್ಷಗಳ ಹಿಂದೆ ತಂದೆಯ ಬೆನ್ನಹಿಂದೆ ಹಾಕುತ್ತಿದ್ದ ಕೂಗದು. ಮೊದಲು ಅವನ ಧ್ವನಿಯು ನಾಚಿತು. ಎರಡನೆಯ ಬದುವನ್ನು ದಾಟುವಷ್ಟರಲ್ಲಿ ಗುಡ್ಡವು ಅದನ್ನು ತಿರುಗಿ ಕೊಟ್ಟಿತು. ಪಕ್ಕದ ತಾಂಡಾದ ಮಕ್ಕಳೂ, ದಾರಿಹೋಕರಿಬ್ಬರೂ ಊಟಕ್ಕೆ ಬಂದು ಕುಳಿತರು. ಕರೆದವರಾರೆಂದು ಯಾರೂ ಕೇಳಲಿಲ್ಲ.

ಉಂಡು ಬನ್ನಿಯ ನೆರಳಿನಲ್ಲಿ ಕುಳಿತಾಗ ಹಿರಿಯ ಮಗನೇ ಮಾತು ತೆಗೆದನು. “ಬದರಿಗಿ ಯಾವಾಗ ಹೋಗೋಣವ್ವಾ?”

“ಹೋಗೋಣಂತ. ಆದ್ರ ತಮ್ಮಾ, ಯಾತ್ರಿಗಿ ಹೋಗಿ ಬಂದವರು ಊರಿಗಿ ಉಣಸ್ತಾರ. ಹೊಲಾ ಮಾರಿ ಹೋದ್ರ ತಿರುಗಿ ಬಂದು ನಾ ಏನು ಉಣಸಲಿ, ಯಾರ ಹೊಲದಾಗ ಕುಂದ್ರಸಲಿ?” ಎಂದು ಕೇಳಿ, ಕಿರಿಯನ ಕಡೆಗೆ ಕೈ ಚಾಚಿದಳು. “ಕಾಗದ ಕೊಡು, ನಿನ್ನ ಸಾಲಾನೂ ಸುಳ್ಳಲ್ಲ. ಒತ್ತತೀನಂತ ಹೇಳೀನಿ, ಒತ್ತತೀನಿ.”

ಕಿರಿಯನು ಚೀಲವನ್ನು ಬಿಚ್ಚಲಿಲ್ಲ. ಬಹಳ ಹೊತ್ತಿನ ಮೇಲೆ, “ಇರಲಿ ಬಿಡವ್ವಾ, ಈ ವರ್ಷ ಬ್ಯಾಡ” ಎಂದನು. ಹಿರಿಯನು ತನ್ನ ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ತಮ್ಮನಿಗೆ ಕೊಡಲು ಒಪ್ಪಿದನು. ಇದರಿಂದ ಸಾಲವೆಲ್ಲ ಹರಿಯಿತೆಂದಲ್ಲ. ಮುಂದಿನ ವರ್ಷ ಮಳೆಯು ಹೇಗೋ, ಕಲ್ಲಿನ ಬೆಲೆಯು ಹೇಗೋ, ಮುದುಕಿಯು ಇರುವಳೋ ಇಲ್ಲವೋ, ಹೊಲವು ಉಳಿಯುವದೋ ಇಲ್ಲವೋ, ಯಾರು ಹೇಳಬಲ್ಲರು? ವಿಪಾಶೆಯು ವಸಿಷ್ಠರ ಪಾಶಗಳನ್ನು ಕಳಚಿದ್ದು ಅವರು ಬದುಕಲೆಂದು. ಬದುಕಿಸುವ ಪಾಶಗಳೂ ಕೆಲವು ಉಂಟು; ಕಾಗಿಣೆಯ ಸೀಮೆಯವರು ಅವನ್ನು ಬುತ್ತಿಯಲ್ಲಿ ಕಟ್ಟುವರು.

ಕತ್ತಲಾಗುವ ಮೊದಲೇ ಎಲ್ಲರೂ ಹೊರಟರು. ಹಿರಿಯ ಸೊಸೆಯು ಮಿಕ್ಕ ಎಳ್ಳಿನ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಮೈದುನನ ಚೀಲದಲ್ಲಿ ಕಾಗದಗಳ ಮೇಲಿಟ್ಟಳು. ಅವು ಶಹಾಬಾದಕ್ಕೆ ಹೋದವು.