ಮುಂದೇನಾಯ್ತು?

ನನ್ನ ಮೊಮ್ಮಗನಿಗೆ 16 ವರ್ಷ, ನನಗೆ 75. ನಮ್ಮಿಬ್ಬರಲ್ಲಿ ಯಾರಿಗೆ ಹೆಚ್ಚು ಅವಸರವಿರಬೇಕು ಎಂದು ಲೆಕ್ಕ ಹಾಕಿದರೆ ನ್ಯಾಯವಾಗಿ ನನಗೇ. ಆದ್ದರಿಂದ ಅವನು ನನ್ನನ್ನು ಸೋಫಾದ ಮೇಲೆ ಕೂರಿಸಿ ‘ಆಂಡೋರ್’ ಎಂಬ ಧಾರಾವಾಹಿ ತೋರಿಸತೊಡಗಿದಾಗ, ಅರ್ಧ ಗಂಟೆಯೊಳಗೆ ಚಡಪಡಿಸಿದವನು ನಾನೇ.

“ಇದೇನಪ್ಪ, ಒಂದು ವಿಮಾನವೂ ಹಾರಲಿಲ್ಲ, ಒಂದು ಯುದ್ಧವೂ ಆಗಲಿಲ್ಲ!” ಎಂದೆ.

“ಮೂರು ಕಂತು ಸುಮ್ಮನೆ ಕೂತ್ಕೊಳ್ಳಿ ತಾತ” ಎಂದ. ಒಂದು ಕಾಲದಲ್ಲಿ ಮಗ್ಗಿ ಹೇಳಿಸುವಾಗ ನಾನು ಅವನಿಗೆ ಹೇಳುತ್ತಿದ್ದ ಧಾಟಿಯಲ್ಲೇ!

ನನ್ನ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಇದು ‘ಸ್ಟಾರ್ ವಾರ್ಸ್’ ಮನೆತನಕ್ಕೆ ಸೇರಿದ ಕಥೆ. ಅಲ್ಲಿ ಬೆಳಕಿನ ಕತ್ತಿ ಝಳಪಿಸದೆ ಹತ್ತು ನಿಮಿಷ ಕಳೆಯುವುದೇ ಅಪರೂಪ ಎಂದು ನಾನು ತಿಳಿದಿದ್ದೆ. ಮೇಲಾಗಿ ಇದರ ನಾಯಕ ಕ್ಯಾಸಿಯನ್ ಆಂಡೋರ್‌ನ ಅಂತ್ಯ ನನಗೆ ಗೊತ್ತು. 2016ರ ‘ರೋಗ್ ಒನ್’ ಚಿತ್ರದಲ್ಲಿ, ಲೋಕಗಳನ್ನೇ ಸುಡಬಲ್ಲ ‘ಡೆತ್ ಸ್ಟಾರ್’ ಎಂಬ ಮಾರಕಾಸ್ತ್ರದ ನಕ್ಷೆಯನ್ನು ಕದ್ದು ಕಳುಹಿಸಿ, ಅದೇ ಅಸ್ತ್ರದ ಬೆಂಕಿಗೆ ಅವನು ಕಡಲ ದಡದಲ್ಲಿ ಬಲಿಯಾಗುತ್ತಾನೆ. ಟೋನಿ ಗಿಲ್ರಾಯ್ ಕಟ್ಟಿದ ಈ ಧಾರಾವಾಹಿ ಅದರ ಹಿಂದಿನ ಐದು ವರ್ಷಗಳ ಕಥೆ. 2022ರಲ್ಲಿ 12 ಕಂತು, 2025ರಲ್ಲಿ ಮತ್ತೆ 12. ಸಾಯುವವನೆಂದು ಗೊತ್ತಿದ್ದವನ ಬೆನ್ನ ಹಿಂದೆ 24 ಕಂತು ನಡೆಯಬೇಕಾದರೆ ಸ್ವಲ್ಪ ಬೇಗ ನಡೆಯಬಾರದೇ?

ಆದರೂ ಕೂತೆ. ಫೆರಿಕ್ಸ್ ಎಂಬ ಊರು. ಹಳೆಯ ಹಡಗುಗಳನ್ನು ಬಿಚ್ಚಿ ಗುಜರಿ ಮಾಡುವವರ ಊರು. ಕೆಲಸಗಾರರು ತಮ್ಮ ಕೈಗವಸುಗಳನ್ನು ಗೋಡೆಗೆ ಸಾಲಾಗಿ ತಗುಲಿಹಾಕುತ್ತಾರೆ. ಒಬ್ಬ ಗೋಪುರವೇರಿ ಕಮ್ಮಾರರ ಅಡಿಗಲ್ಲಿನಂಥ ಲೋಹದ ದಿಮ್ಮಿಯ ಮೇಲೆ ಸುತ್ತಿಗೆ ಬಡಿದು ಊರಿಗೆ ಹೊತ್ತು ಸಾರುತ್ತಾನೆ. ಸತ್ತವರ ಬೂದಿಯನ್ನು ಸೇರಿಸಿ ಇಟ್ಟಿಗೆ ಮಾಡಿ ಊರಿನ ಗೋಡೆಗೇ ಕಟ್ಟುತ್ತಾರೆ. ಇವೊಂದೂ ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲ. ಆದರೆ ಹನ್ನೆರಡನೆಯ ಕಂತಿನಲ್ಲಿ, ನಾಯಕನ ಸಾಕುತಾಯಿ ಮಾರ್ವಾಳ ಶವಯಾತ್ರೆ ಹೊರಟು ಇಡೀ ಊರು ದಂಗೆಯೇಳುವಾಗ, ಆ ಸುತ್ತಿಗೆಯ ಒಂದೊಂದು ಪೆಟ್ಟೂ ನನ್ನ ಎದೆಗೇ ಬಿತ್ತು. ಆ ಹೊತ್ತಿಗೆ ಆ ಊರಿನಲ್ಲಿ ನನಗೂ ಒಂದು ಮನೆಯಿತ್ತು.

ನಡುವೆ ಒಂದು ಸೆರೆಮನೆ ಬರುತ್ತದೆ. ಬಿಳಿಯ ಕೋಣೆ, ಬರಿಗಾಲು, ವಿದ್ಯುತ್ತು ಹರಿಯುವ ನೆಲ. ಏಳು ಮೇಜು, ಮೇಜಿಗೆ ಏಳು ಜನ, ದಿನಕ್ಕೆ 12 ಗಂಟೆ ದುಡಿತ. ನಿಧಾನವಾದ ಮೇಜಿನವರಿಗೆ ವಿದ್ಯುತ್ತಿನ ಹೊಡೆತ. ಎಲ್ಲರಿಗಿಂತ ಬೇಗ ಮುಗಿಸಿದವರ ಊಟಕ್ಕೆ ಮಾತ್ರ ರುಚಿ. ಅಲ್ಲಿ ಎಲ್ಲರಿಗೂ ಅವಸರ. ಕಥೆ ಹೇಳುವವನಿಗೆ ಮಾತ್ರ ಅವಸರವಿಲ್ಲ. ಅವರು ಬೆವರು ಸುರಿಸಿ ಜೋಡಿಸುತ್ತಿದ್ದ ಬಿಡಿಭಾಗ ಯಾವುದಕ್ಕೆ? ಮೊದಲ 12 ಕಂತುಗಳ ಕೊನೆಯಲ್ಲಿ, ಹೆಸರುಗಳೆಲ್ಲ ಸರಿದುಹೋದ ಮೇಲೆ, ತೋರಿಸುತ್ತಾರೆ: ಡೆತ್ ಸ್ಟಾರಿಗೆ. ಅಂದರೆ ತನ್ನನ್ನು ಸುಡುವ ಕೊಳ್ಳಿಗೆ ಅವನು ತಾನೇ ಸೌದೆ ಒಡೆದಿದ್ದಾನೆ. ಅವನ ಅಂತ್ಯ ನನಗೆ ಗೊತ್ತು ಎಂದು ಬೀಗುತ್ತಿದ್ದ ನಾನು ಸುಮ್ಮನಾದೆ.

ನಮಗೇನು ಇದು ಹೊಸತೆ? ಚಕ್ರವ್ಯೂಹದೊಳಕ್ಕೆ ಹೋದ ಅಭಿಮನ್ಯು ಹಿಂದಿರುಗುವುದಿಲ್ಲವೆಂದು ಬಲ್ಲ ಜನವೇ ಬಯಲಾಟದ ಮುಂದೆ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಿದ್ದರು. ಕೊನೆ ಗೊತ್ತಿರುವ ಕಥೆಯಲ್ಲಿ ಬೇಗ ತಲುಪಿ ಮಾಡುವುದೇನು?

ಇಷ್ಟು ಬುದ್ಧಿ ನನಗೆ ಹುಡುಗನಾಗಿದ್ದಾಗ ಬಂದಿದ್ದರೆ ಚೆನ್ನಾಗಿತ್ತು. ನಮ್ಮ ತಂದೆಯನ್ನು ನಾವು ‘ಅಣ್ಣ’ ಎಂದು ಕರೆಯುತ್ತಿದ್ದೆವು. ಹೈಸ್ಕೂಲು ಸೇರಲು ತಾವು ಹಳ್ಳಿಯಿಂದ ಹಾಸನಕ್ಕೆ ಹೊರಟ ದಿನದ ಕಥೆಯನ್ನು ಅವರು ಆಗಾಗ ಹೇಳುತ್ತಿದ್ದರು. ಆಷಾಢದ ಮಳೆಯಿಂದ ಆರಂಭ. ಅಜ್ಜಿ ಕಟ್ಟಿಕೊಟ್ಟ ಬುತ್ತಿ, ಸಾಲ ತಂದ ಟ್ರಂಕು, ಅದರ ಬೀಗ ಹಾಕಿಕೊಳ್ಳದೆ ಸುತ್ತಿದ ಹಗ್ಗ — ಒಂದನ್ನೂ ಬಿಡುತ್ತಿರಲಿಲ್ಲ. ಹೇಮಾವತಿಯ ದಡಕ್ಕೆ ಬರುವಷ್ಟರಲ್ಲಿ ಹೊಳೆ ತುಂಬಿದೆ. ಹರಿಗೋಲು ಆಚೆ ದಡದಲ್ಲಿದೆ. ಅಂಬಿಗ ಕೂಗಿಗೆ ಓಗೊಡುತ್ತಿಲ್ಲ. ಇಲ್ಲಿಗೆ ಬಂದಾಗಲೆಲ್ಲ ಅವರು ನಶ್ಯದ ಡಬ್ಬಿ ತೆಗೆದು ಮುಚ್ಚಳ ತಟ್ಟುತ್ತಿದ್ದರು. ನನಗೋ ಮೈದಾನದಲ್ಲಿ ಗೆಳೆಯರು ಕಾದಿರುತ್ತಿದ್ದರು. “ಮುಂದೇನಾಯ್ತು ಅಣ್ಣ, ಬೇಗ ಹೇಳಿ!” ಎನ್ನುತ್ತಿದ್ದೆ.

ಒಂದು ದಿನ ಅವರು ಡಬ್ಬಿ ಮುಚ್ಚಿ, “ಹೋಗು, ಆಟಕ್ಕೆ ಹೊತ್ತಾಯ್ತು. ಇನ್ನೊಂದು ದಿನ ಹೇಳ್ತೀನಿ” ಎಂದರು. ಆ ಇನ್ನೊಂದು ದಿನ ಬರಲಿಲ್ಲ. ನಾನೂ ಕೇಳಲಿಲ್ಲ.

1983ರಲ್ಲಿ ಅವರು ತೀರಿಕೊಂಡರು. ಆ ಕಡೆಯ 11 ದಿನಗಳನ್ನು ನಾನು ಗಂಟೆ ಗಂಟೆಯಾಗಿ ಒಪ್ಪಿಸಬಲ್ಲೆ: ಯಾವ ಔಷಧ, ಎಷ್ಟು ಜ್ವರ, ಯಾರು ಬಂದು ನೋಡಿದರು, ಕೊನೆಯ ಗುಟುಕು ನೀರು ಕೊಟ್ಟವರು ಯಾರು. ಕಡೆಯ ಕಂತು ನನಗೆ ಬಾಯಿಪಾಠ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಮಳೆಯಿಂದಲೇ ಆರಂಭಿಸಿದೆ; ಬುತ್ತಿ, ಟ್ರಂಕು, ಹಗ್ಗ ಯಾವುದನ್ನೂ ಬಿಡಲಿಲ್ಲ. ಅವನು ಟೀವಿಯ ಸದ್ದು ಆರಿಸಿ ಕೇಳುತ್ತಿದ್ದ. ಹೊಳೆಯ ದಡಕ್ಕೆ ಬಂದು ನಿಂತೆ.

“ಆಮೇಲೆ ತಾತ? ದಾಟಿದರಾ?”

“ದಾಟಿರಲೇಬೇಕಪ್ಪ. ದಾಟದಿದ್ದರೆ ನಾನೆಲ್ಲಿ, ನೀನೆಲ್ಲಿ?”

“ಹೇಗೆ ದಾಟಿದರು?”

ನನಗೆ ಗೊತ್ತಿಲ್ಲ. ಅರುವತ್ತು ವರ್ಷಗಳಿಂದ ಅಣ್ಣ ಟ್ರಂಕನ್ನು ತಲೆಯ ಮೇಲೆ ಹೊತ್ತು ಈಚೆ ದಡದಲ್ಲೇ ನಿಂತಿದ್ದಾರೆ, ಮಳೆ ಸುರಿಯುತ್ತಿದೆ, ಹರಿಗೋಲು ಇನ್ನೂ ಆಚೆ ದಡದಲ್ಲಿದೆ.