ಮಧ್ಯಾಹ್ನದ ಬೀಗ

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಬಿಡುವು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಬೀದಿಯ ಕೊನೆಯ ಪುಟ್ಟ ಪಾರ್ಕಿಗೆ ಬೀಗ ಬೀಳುತ್ತಿದ್ದುದೂ ಅದೇ ಹೊತ್ತಿನಲ್ಲಿ. ಬೆಳಿಗ್ಗೆ ಅದು ತೆರೆದಿರುವಾಗ ನಾವು ಮಕ್ಕಳ ಊಟದ ಡಬ್ಬಿ ಕಟ್ಟುತ್ತಿರುತ್ತೇವೆ. ಸಂಜೆಯಾದರೆ ಚಹಾ, ಮಗ್ರಿಬ್ ನಮಾಜು, ರಾತ್ರಿಯ ಅಡುಗೆ. ಮಂಡಿನೋವಿನ ಖಾಲಾಗೆ ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವರು ಗೇಟಿನವರೆಗೆ ನಡೆದು, ಸರಳು ಹಿಡಿದು ನಿಂತು, ಒಳಗಿನ ಹೊಂಗೆಮರವನ್ನು ನೋಡಿ ವಾಪಸ್ಸು ಬರುತ್ತಿದ್ದರು.

ಬೀಗ ಯಾಕೆಂದು ವಿಚಾರಿಸಿದೆವು. ತೆರೆದಿಟ್ಟರೆ ಇಸ್ಪೀಟಿನವರು ಬರುತ್ತಾರೆ, ಕಾಲೇಜಿನ ಹುಡುಗ ಹುಡುಗಿಯರು ಬಂದು ಕೂರುತ್ತಾರೆ ಎಂಬ ಉತ್ತರ ಬಂತು. ಜನ ಬಂದು ಕೂರುತ್ತಾರೆಂದು ಪಾರ್ಕನ್ನೇ ಮುಚ್ಚುವುದೇ ಎಂದು ನಕ್ಕೆವು. ಆದರೆ ಆ ಭಯ ನಮ್ಮ ಮನೆಗಳಲ್ಲೂ ಇತ್ತು. ನಮ್ಮ ಹೆಣ್ಣುಮಕ್ಕಳು ಏಳನೇ ಕ್ಲಾಸಿಗೆ ಬಂದೊಡನೆ ಅಲ್ಲಿ ಆಡುವುದನ್ನು ಬಿಟ್ಟಿದ್ದರು. ಬಿಡಿಸಿದವರು ಬೀಗ ಹಾಕುವವರಲ್ಲ, ನಾವೇ.

ಇದು ನಮ್ಮ ಮೊಹಲ್ಲಾಗಳ ಕಥೆ ಮಾತ್ರ ಎಂದುಕೊಂಡಿದ್ದೆವು. 1990ರ ದಶಕದಲ್ಲಿ ಯುರೋಪಿನ ವಿಯೆನ್ನಾ ನಗರದವರು ತಮ್ಮ ಪಾರ್ಕುಗಳನ್ನು ಗಮನಿಸಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಅಲ್ಲಿ ಕಾಣಿಸದಿರುವುದು ತಿಳಿಯಿತು. ಬಯಲನ್ನೆಲ್ಲ ಹುಡುಗರು ಹಿಡಿದಿದ್ದರು. 1999ರಿಂದ ಅವರು ಎರಡು ಪಾರ್ಕುಗಳನ್ನು ತಿದ್ದಿದರು. ಕಾಲುದಾರಿಗಳನ್ನು ಹೆಚ್ಚಿಸಿ, ವಾಲಿಬಾಲ್, ಬ್ಯಾಡ್ಮಿಂಟನ್ನಿಗೆ ಜಾಗ ಮಾಡಿ, ದೊಡ್ಡ ಬಯಲನ್ನು ಗಿಡಗಳಿಂದ ಸಣ್ಣ ಸಣ್ಣ ಮೂಲೆಗಳಾಗಿ ವಿಂಗಡಿಸಿದರು. ಹುಡುಗಿಯರು ಮತ್ತೆ ಬರತೊಡಗಿದರು.

ನಮ್ಮ ಊರೂ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅಮಾನಿಕೆರೆಯ ಕಡೆ ಹೋದರೆ ಇಂದಿಗೂ ಮನಸ್ಸು ಹಿಗ್ಗುತ್ತದೆ. ಆದರೆ ಇಲ್ಲಿಂದ ಆಟೋ ಹಿಡಿದು ನಡೆಯಲಿಕ್ಕೆಂದು ಅಲ್ಲಿಗೆ ದಿನಾ ಹೋಗಲಾದೀತೆ?

ಪಾರ್ಕುಗಳನ್ನು ಉಳಿಸಲೆಂದು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಅವರು ಜಾಗಕ್ಕಾಗಿ ದೆಹಲಿಯವರೆಗೂ ಹೋದರು. ನಮಗೆ ಬೇಕಾಗಿದ್ದದ್ದು ಒಂದು ಬೀಗದ ಕೈ, ಅಷ್ಟೇ.

ಅರ್ಜಿ ಬರೆದೆವು. ಕನ್ನಡದ ಸಹಿಗಳು, ಉರ್ದು ಸಹಿಗಳು, ಎರಡು ಹೆಬ್ಬೆಟ್ಟು. ಮೂರು ಸಲ ಅಲೆದ ಮೇಲೆ, ಜವಾಬ್ದಾರಿ ನಿಮ್ಮದೇ ಎಂಬ ಎಚ್ಚರಿಕೆಯೊಂದಿಗೆ ಕೈ ಸಿಕ್ಕಿತು. ಅದೀಗ ಎದುರುಮನೆಯ ಅಜ್ಜಿಯ ಸೆರಗಿನ ಗಂಟಿನಲ್ಲಿದೆ. ಅವರ ಗದರಿಕೆಗೆ ಇಸ್ಪೀಟಿನವರು ಈವರೆಗೆ ಹತ್ತಿರ ಸುಳಿದಿಲ್ಲ.

ಒಳಗೆ ಹೋದ ಮೇಲೆ ಇನ್ನೊಂದು ತೊಡಕು ಕಂಡಿತು. ಸಿಮೆಂಟು ಬೆಂಚುಗಳೆಲ್ಲ ವಾಕಿಂಗ್ ದಾರಿಗೆ ಮುಖ ಮಾಡಿವೆ. ಬಸ್‌ಸ್ಟ್ಯಾಂಡಿನಂತೆ ಸಾಲಾಗಿ ಕೂತರೆ ಮಾತಾಡುವುದು ಹೇಗೆ? ಅಜ್ಜಿಗೆ ಅರಳಿಕಟ್ಟೆ ನೆನಪಾಯಿತು, ಖಾಲಾಗೆ ತವರಿನ ಚಬೂತರಾ. ಹೆಸರು ಎರಡು, ಕಾಲು ಮಡಚಿ ಎದುರುಬದುರು ಕೂರುವ ಸುಖ ಒಂದೇ. ಕಟ್ಟೆಗೊಂದು ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಇರಲಿ ಎಂದು ಖಾಲಾ ಮನೆಯಿಂದ ಚಾಪೆ ತಂದು ಹೊಂಗೆಯ ಕೆಳಗೆ ಹಾಸಿದರು.

ಕಳೆದ ಭಾನುವಾರ ಖಾಲಾರ ಮೊಮ್ಮಗಳು ಗೆಳತಿಯೊಂದಿಗೆ ಷಟಲ್ ಬ್ಯಾಟು ಹಿಡಿದು ಬಂದಳು. ಎಂಟನೇ ಕ್ಲಾಸು. "ಆಡಬಹುದಾ?" ಎಂದು ಕೇಳಿದ್ದು ಕೈ ಇಟ್ಟುಕೊಂಡ ಅಜ್ಜಿಯನ್ನಲ್ಲ, ನಮ್ಮನ್ನು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಖಾಲಾ ಎದ್ದು ಚಾಪೆಯನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿದರು.