ಶೈಕ್ಷಣಿಕ ಜಿಲ್ಲೆಯ ಚಾನೆಲ್ಲು

ಕರ್ನಾಟಕದ ಭೂಪಟದಲ್ಲಿ ಮಧುಗಿರಿ ಜಿಲ್ಲೆ ಅಂತ ಒಂದಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆ ತೆಗೆದು ನೋಡಿ. ಅಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಒಂದು ಶೈಕ್ಷಣಿಕ ಜಿಲ್ಲೆ. ಇದನ್ನು ಪೂರ್ತಿ ಜಿಲ್ಲೆಯನ್ನೇ ಮಾಡಿ ಎನ್ನುವ ಕೂಗು ಹಳೆಯದು. ಸರ್ಕಾರ ಮಾಡುವ ತನಕ ಕಾಯುವ ತಾಳ್ಮೆ ನಮಗಿರಲಿಲ್ಲ. ಬೆಂಗಳೂರಿನ ನಮ್ಮ ಕಂಪನಿಯ ಸ್ಲ್ಯಾಕ್‌ನಲ್ಲಿ ಮಾಡಿಕೊಂಡುಬಿಟ್ಟೆವು. ಚಾನೆಲ್ಲಿನ ಹೆಸರೇ ‘ಮಧುಗಿರಿ ಜಿಲ್ಲೆ’. ಜಿಲ್ಲಾಧಿಕಾರಿ ಇಲ್ಲ, ಕೊರಟಗೆರೆಯ ಒಬ್ಬ ಅಡ್ಮಿನ್ ಇದ್ದಾನೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ ಇಮೋಜಿ ಮಾಡಿದ್ದೇವೆ. ಯಾರ ಮಾತಾದರೂ ಮೆಚ್ಚುಗೆಯಾದರೆ ಅದರ ಕೆಳಗೆ ಒಂದು ಬೆಟ್ಟ ಇಡುತ್ತೇವೆ.

ನಾವು ಸಾಫ್ಟ್‌ವೇರ್ ಬರೆಯುವವರು ಅಂತ ಊರಿನವರು ತಿಳಿದಿದ್ದಾರೆ. ದಿನದ ಮುಕ್ಕಾಲು ಪಾಲು ನಾವು ಬರೆಯುವುದು ಒಬ್ಬರಿಗೊಬ್ಬರು ಸಂದೇಶ. ಕೋಡು ಗಿಟ್‌ನಲ್ಲಿ, ಕೆಲಸದ ಪಟ್ಟಿ ಜಿರಾದಲ್ಲಿ, ದಾಖಲೆ ಕಾನ್‌ಫ್ಲುಯೆನ್ಸ್‌ನಲ್ಲಿ, ಮಾತು ಸ್ಲ್ಯಾಕ್‌ನಲ್ಲಿ, ಮೀಟಿಂಗು ಟೀಮ್ಸ್‌ನಲ್ಲಿ, ಇಷ್ಟೆಲ್ಲ ಆದದ್ದರ ಸಾರಾಂಶ ಮತ್ತೆ ಈಮೇಲ್‌ನಲ್ಲಿ. ಯಾರು ಯಾವುದನ್ನು ಎಲ್ಲಿ ಹೇಳಿದ್ದರು ಎಂದು ಹುಡುಕುವುದೇ ಒಂದು ಪ್ರತ್ಯೇಕ ಉದ್ಯೋಗ. ಅದಕ್ಕೆ ಮಾತ್ರ ಇದುವರೆಗೆ ಯಾರೂ ಟಿಕೆಟ್ ತೆರೆದಿಲ್ಲ.

ಚಾಟಿನಲ್ಲಿ ಬರೀ ‘ಹಾಯ್’ ಅಂತ ಕಳಿಸಿ ಕಾಯುತ್ತ ಕೂರಬೇಡಿ, ವಿಷಯವನ್ನೂ ಜೊತೆಗೇ ಬರೆಯಿರಿ ಎಂಬುದು ಡೆವಲಪರುಗಳ ಲೋಕದ ಶಿಷ್ಟಾಚಾರ. ಸರಿಯಾದ ಮಾತೇ. ನಮ್ಮ ಸೀಮೆಯವರ ಕೈಲಿ ಆಗುವುದಿಲ್ಲ ಅಷ್ಟೆ. ಮೊನ್ನೆ ಊರ ಕಡೆಯ ಹುಡುಗನೊಬ್ಬ ನನಗೆ ಬರೆದ:

“ಅಣ್ಣಾ, ಊಟ ಆಯ್ತಾ?”

“ಆಯ್ತಪ್ಪ. ನಿಂದು?”

“ಆಯ್ತಣ್ಣ. ಏನ್ ಸಾರು?”

“ಉಪ್ಸಾರು, ಮುದ್ದೆ.”

“ಊರಲ್ಲಿ ಮಳೆ ಹೆಂಗಂತಣ್ಣ?”

“ಎಲ್ಲಿ ಮಳೆ? ಮೋಡ ಬತ್ತೈತೆ, ಹೋಯ್ತೈತೆ.”

“ಹೂಂ ಅಣ್ಣ. ಪೇಮೆಂಟ್ ಸರ್ವರ್ ಬಿದ್ದೋಗಿ ಹತ್ತು ನಿಮಿಷ ಆಯ್ತು, ಒಸಿ ನೋಡ್ತೀರಾ?”

ಇನ್ನು ಶುಕ್ರವಾರದ ವಿಚಾರ. ವಾರದ ಕೊನೆಗೆ ಹೊಸ ಕೋಡನ್ನು ಪ್ರೊಡಕ್ಷನ್ನಿಗೆ ಬಿಡಬಾರದು ಎನ್ನುವುದು ಈ ವೃತ್ತಿಯ ಮಡಿ. ಕೊರಟಗೆರೆಯ ಅಡ್ಮಿನ್‌ಗೆ ಇದು ಒಪ್ಪಿಗೆಯಿಲ್ಲ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರವೇ ಶ್ರೇಷ್ಠವಾಗಿರುವಾಗ ರಿಲೀಸಿಗೆ ಯಾಕಲ್ಲ ಎಂದು ಅವನ ವಾದ. ಪಾವಗಡದ ಟೆಸ್ಟರ್ ಹುಡುಗಿ ಅದಕ್ಕೆ ಹೇಳಿದ್ದು ಇಷ್ಟು: “ಶುಕ್ರವಾರ ಲಕ್ಷ್ಮಮ್ಮನ ಹೆಸರು ಹೇಳಿ ಬಿಡಿ ಅಣ್ಣ. ಶನಿವಾರ ಬೆಳಿಗ್ಗೆ ನಮ್ಮೂರಿಗೇ ಬರ್ತೀರಲ್ಲ.” ಪಾವಗಡದಲ್ಲಿರುವುದು ಶನಿಮಹಾತ್ಮನ ಗುಡಿ. ಆ ಸಂದೇಶದ ಕೆಳಗೆ ಬಿದ್ದ ಬೆಟ್ಟಗಳನ್ನು ಸಾಲಾಗಿ ಜೋಡಿಸಿದ್ದರೆ ಒಂದು ಘಟ್ಟವೇ ಆಗುತ್ತಿತ್ತು.

ಶಿರಾದವನಿಗೆ ದಿನದ ವರದಿ ಎಂದರೆ ಆಗದು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಾದರೂ ಇದೆಯೆ ಎಂದು ಬೆಳಿಗ್ಗೆ ಎದ್ದು ಬರೆಯಬೇಕಲ್ಲ, ಅದು. ಅವನು ಇತಿಹಾಸ ಓದಿಕೊಂಡ ಆಸಾಮಿ. 1687ರಿಂದ 1757ರವರೆಗೆ ಶಿರಾ ಮೊಘಲರ ಸುಬಾದ ರಾಜಧಾನಿ. ಸುಬಾಗಳಲ್ಲಿ ವಾಕಿಯಾ ನವೀಸ ಎಂಬ ವರದಿಗಾರ ಇರುತ್ತಿದ್ದ. ನಡೆದದ್ದನ್ನೆಲ್ಲ ಬರೆದು ಬಾದಶಹನಿಗೆ ಕಳಿಸುವುದೇ ಅವನ ಕಸುಬು. ಅವನೂ ಸುಳ್ಳು ಬರೆದಾನೆಂದು ಗುಟ್ಟಾಗಿ ಬರೆಯುವ ಖುಫಿಯಾ ನವೀಸ ಇನ್ನೊಬ್ಬ. “ಅವರು ಬರೆದದ್ದನ್ನ ಬಾದಶಹ ಓದಿಸಿ ಕೇಳ್ತಿದ್ದ. ನಾನು ಬರೆದದ್ದನ್ನ ಓದೋರ್ಯಾರು?” ಎನ್ನುತ್ತಾನೆ. ಖುಫಿಯಾ ನವೀಸನ ಹುದ್ದೆ ಮಾತ್ರ ಖಾಲಿ ಬಿದ್ದಿಲ್ಲ. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಟೀಮ್ಸ್‌ನಲ್ಲಿ ನಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ತಾನಾಗಿ ಹಳದಿಯಾಗುತ್ತದೆ.

ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಪಾವಗಡದ ಹುಡುಗಿಯ ಕಷ್ಟ ಬೇರೆ. ಒಂದು ಮೀಟಿಂಗಿನ ನಡುವೆ ‘ಕರೆಂಟ್ ಹೋಯ್ತು’ ಎಂದು ಬರೆದು ಮಾಯವಾದಳು. ಉತ್ತರದ ಕಡೆಯ ಮ್ಯಾನೇಜರ್ ಸಂಶಯದಿಂದ ಪಾವಗಡ ಎಲ್ಲಿದೆಯೆಂದು ಗೂಗಲ್ ಮಾಡಿದರು. ತಿರುಮಣಿಯ ಸುತ್ತಿನ ಐದು ಹಳ್ಳಿಗಳಲ್ಲಿ ಹದಿಮೂರು ಸಾವಿರ ಎಕರೆ, 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು! ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಹಿಡಿದು ಕಟ್ಟಿದ್ದು. ಇಂಥ ಊರಲ್ಲಿ ಕರೆಂಟ್ ಹೋಗುವುದು ಹೇಗೆ ಎಂದು ಅವರು ಕೇಳಿದರು. ಅವಳು ವಾಪಸು ಬಂದವಳೇ ಹೇಳಿದಳು: “ಸರ್, ಕರೆಂಟು ನಮ್ಮೂರಲ್ಲಿ ಹುಟ್ಟುತ್ತೆ, ದುಡಿಯೋದು ಬೇರೆ ಊರಲ್ಲಿ. ನಮ್ಮ ಥರಾನೇ.”

ಇದೆಲ್ಲ ಸಮಯ ಹಾಳು ಎಂದು ಮೇಲಿನವರಿಗೆ ಅನ್ನಿಸಿದೆ. ಯಾವ ಚಾನೆಲ್ಲಿನಲ್ಲಿ ಎಷ್ಟು ಸಂದೇಶ ಎನ್ನುವ ಲೆಕ್ಕ ತೆಗೆದಾಗ ನಮ್ಮ ಜಿಲ್ಲೆ ಮೇಲಿನ ಸಾಲಿನಲ್ಲೇ ಬಂದಿತ್ತು. ಅವರಿಗೆ ನಾನು ಹೇಳಬೇಕೆಂದಿರುವುದು, ಈ ಸಾಫ್ಟ್‌ವೇರುಗಳ ಜಾತಕವನ್ನು ಒಮ್ಮೆ ನೋಡಿ ಎಂದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಿತ್ತು. ಅದರ ತಪ್ಪುಗಳನ್ನು ಬರೆದಿಡಲು ಎಲ್ಲರಿಗೂ ಬಿಚ್ಚಿಟ್ಟ ಒಂದು ಫೈಲು. ಒಬ್ಬ ಬರೆದ ದೂರನ್ನು ಇನ್ನೊಬ್ಬ ಅಳಿಸಬಹುದು. ಇದನ್ನು ಸರಿಪಡಿಸಲು 1973ರಲ್ಲಿ ಡೇವಿಡ್ ವೂಲಿ ಎಂಬ ಹದಿನೇಳರ ಹುಡುಗ ‘ನೋಟ್ಸ್’ ಬರೆದ. ಹುಡುಗರು ತಪ್ಪುಗಳನ್ನೂ ಬರೆದರು, ಹರಟೆಯನ್ನೂ ಹೊಡೆದರು. ಅಲ್ಲೇ ಓದುತ್ತಿದ್ದ ರೇ ಓಜಿ ಮುಂದೆ ಅದೇ ರುಚಿಯಲ್ಲಿ ಲೋಟಸ್ ನೋಟ್ಸ್ ಕಟ್ಟಿದ. 1989ರಲ್ಲಿ ಅದು ಆಫೀಸುಗಳಿಗೆ ಬಂತು. ಐಬಿಎಂ ಕೈಗೆ ಹೋಗಿ, 2019ರಲ್ಲಿ ನಮ್ಮ ದೇಶದ ಎಚ್‌ಸಿಎಲ್ ಪಾಲಾಯಿತು. ಸ್ಲ್ಯಾಕ್‌ನ ಕತೆ ಇನ್ನೂ ಚೆಂದ. ಸ್ಟೂವರ್ಟ್ ಬಟರ್‌ಫೀಲ್ಡ್ ಒಂದು ಆನ್‌ಲೈನ್ ಆಟ ಮಾಡಹೋದ, ಆಟ ಕೆಟ್ಟಿತು, ಫ್ಲಿಕರ್ ಉಳಿಯಿತು. ಮತ್ತೆ ‘ಗ್ಲಿಚ್’ ಎಂಬ ಆಟ ಮಾಡಿದ, 2012ರಲ್ಲಿ ಅದನ್ನೂ ಮುಚ್ಚಿದ. ಆಟ ಕಟ್ಟುವಾಗ ತಮ್ಮತಮ್ಮಲ್ಲೇ ಮಾತಾಡಲು ಮಾಡಿಕೊಂಡಿದ್ದ ಸಾಧನವೇ ಮರುವರ್ಷ ಸ್ಲ್ಯಾಕ್ ಆಯಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಕೊಂಡದ್ದು 2,770 ಕೋಟಿ ಡಾಲರಿಗೆ. ಆಟದ ಹೊಟ್ಟೆಯಲ್ಲಿ ಹುಟ್ಟಿದ್ದರ ಮೇಲೆ ಕುಳಿತು ಆಟವಾಡಬೇಡಿ ಎಂದರೆ ಹೇಗೆ?

ಇನ್ನೂ ಒಂದು ಕಾರಣವಿದೆ. ಜಿರಾ ನೋಡಿದಾಗಲೆಲ್ಲ ನನಗೆ ನಮ್ಮ ಕಡೆ ಮದುವೆಯ ಚಪ್ಪರದ ಮೂಲೆಯಲ್ಲಿ ಮುಯ್ಯಿ ಪುಸ್ತಕ ಹಿಡಿದು ಕೂರುವ ಮಾವನ ನೆನಪಾಗುತ್ತದೆ. ಹೆಸರು, ಊರು, ಮೊತ್ತ, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ, ಒಂದು ಕಾಲಮ್ಮೂ ಖಾಲಿ ಬಿಡುವವನಲ್ಲ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ, ಅದು ಇಪ್ಪತ್ತು ವರ್ಷದ ಮೇಲಾದರೂ ಸರಿ, ಪುಸ್ತಕ ಅಟ್ಟದಿಂದ ಇಳಿಯುತ್ತದೆ. ಅವರು ನೂರು ಓದಿಸಿದ್ದರೆ ನಾವು ನೂರಕ್ಕೇ ನಿಲ್ಲಿಸುವುದಿಲ್ಲ, ಸ್ವಲ್ಪ ಮೇಲೆ ಹಾಕಿ ಓದಿಸುತ್ತೇವೆ. ಲೆಕ್ಕ ಚುಕ್ತಾ ಆಗಬಾರದು. ಆದರೆ ನೆಂಟಸ್ತಿಕೆ ಮುಗಿದ ಹಾಗೆ. ಜಿರಾಕ್ಕೆ ಈ ಬುದ್ಧಿ ಇಲ್ಲ. ಅದಕ್ಕೆ ಎಲ್ಲವೂ ಬೇಗ ಮುಚ್ಚಬೇಕು, ಹಲಗೆಯ ಬಲಗಡೆಗೆ ಸರಿಯಬೇಕು.

ಮುಚ್ಚದ ಲೆಕ್ಕಗಳಿರುವುದು ನಮ್ಮ ಚಾನೆಲ್ಲಿನಲ್ಲಿ. ಒಂದು ರಾತ್ರಿ ಶಿರಾದವನ ಕೋಡಿನಿಂದ ಡೇಟಾಬೇಸ್ ಸಿಕ್ಕಿಹಾಕಿಕೊಂಡಿತು. ತುರ್ತು ಕಾಲ್‌ನಲ್ಲಿ ದೊಡ್ಡವರೆಲ್ಲ ಸೇರಿದರು, ಎಲ್ಲರೂ ಮ್ಯೂಟ್. ಇವನು ನಮ್ಮಲ್ಲಿ ಬಂದು ‘ಯಾರಾದ್ರೂ ಎದ್ದಿದೀರಾ?’ ಎಂದು ಬರೆದ. ಪಾವಗಡದ ಹುಡುಗಿ ಬೇರೆ ಟೀಮಿನವಳು. ಅವಳ ಹೆಸರಿನಲ್ಲಿ ಟಿಕೆಟ್ ಇರಲಿಲ್ಲ, ಮಾಡಲೇಬೇಕಾದ ಜರೂರೂ ಇರಲಿಲ್ಲ. ಎದ್ದು ಕೂತು ಬೆಳಗಿನ ಜಾವದ ತನಕ ಅವನ ಜೊತೆ ಹುಡುಕಿ ಸರಿಮಾಡಿಸಿದಳು. ಅವಳ ತಂಗಿಗೆ ಇಂಟರ್ನ್‌ಶಿಪ್ ಹುಡುಕುವಾಗ ಇವನು ಓಡಾಡಿದ್ದ. ಮರುದಿನದ ವರದಿಯಲ್ಲಿ ‘ಸಮಸ್ಯೆ ಪರಿಹಾರವಾಗಿದೆ’ ಎಂದಷ್ಟೇ ಇತ್ತು.

ಆದ್ದರಿಂದ ಮ್ಯಾನೇಜರ್ ಮಹಾಶಯರಲ್ಲಿ ಒಂದು ಅರಿಕೆ. ಚಾನೆಲ್ ಮುಚ್ಚುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಚ್ಚಿದರೆ ನಾವು ವಾಟ್ಸಾಪಿಗೆ ಹೋಗುತ್ತೇವೆ, ಅಲ್ಲಿ ನಿಮ್ಮ ಬಗ್ಗೆ ಏನು ಮಾತಾಡಿದೆವೆಂಬ ಲೆಕ್ಕ ನಿಮಗೆ ಸಿಗುವುದಿಲ್ಲ. ಆ ಗುಂಪು ಈಗಾಗಲೇ ಇದೆ ಎನ್ನುವುದು ಬೇರೆ ಮಾತು.